ಮೂರನೇ ಮಹಡಿಯ ಬೆಕ್ಕು

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತಿರುವ ಒಂದು ಪ್ರಶ್ನೆ ಇದೆ. ಹೆಸರು ಕೇಳೋದಕ್ಕೂ ಮೊದಲು, ಕೆಲಸ ಎಲ್ಲಿ ಅನ್ನೋದಕ್ಕೂ ಮೊದಲು ಬರುವ ಪ್ರಶ್ನೆ. "ವೆಜ್ಜಾ ಮೇಡಂ?"

ಮೂರು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಬ್ರೋಕರ್ ಬೈಕಿನ ಹಿಂದೆ ಕೂತು ಒಂಬತ್ತನೇ ಮನೆ ನೋಡೋಕೆ ಹೋಗಿದ್ದೆ. ಮೂರನೇ ಮಹಡಿ. ಅಡುಗೆಮನೆ ಕಿಟಕಿಯಿಂದ ಒಂದು ಹೊಂಗೆ ಮರ ಕಾಣುತ್ತಿತ್ತು. ಮೆಟ್ರೋ ಸ್ಟೇಷನ್ನಿಗೆ ಏಳು ನಿಮಿಷದ ನಡಿಗೆ. ಬಾಡಿಗೆ 18 ಸಾವಿರ, ಅಡ್ವಾನ್ಸು ಒಂದು ಲಕ್ಷ. ಬಾಗಿಲಲ್ಲಿ ನಿಂತಿದ್ದ ಓನರ್ ಆಂಟಿ ನಗುತ್ತಲೇ ಆ ಪ್ರಶ್ನೆ ಕೇಳಿದರು. ಬೆಳಿಗ್ಗೆಯಿಂದ ಎಂಟು ಮನೆ ನೋಡಿ, ಅದರಲ್ಲಿ ಮೂರನ್ನು ಇದೇ ಪ್ರಶ್ನೆಗೆ ನಿಜ ಹೇಳಿ ಕಳೆದುಕೊಂಡಿದ್ದೆ. ಕಾಲು ನೋಯುತ್ತಿತ್ತು. "ಹೂಂ ಆಂಟಿ" ಅಂದೆ.

ಅಷ್ಟೇ. ಎರಡಕ್ಷರ. ಅದರ ಮೇಲೆ ಮೂರು ವರ್ಷ ಸಂಸಾರ ಮಾಡಿದೆ.

ಓನರ್ ಮನೆಯವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ರಾಮನವಮಿಗೆ ಪಾನಕ ಕೋಸಂಬರಿ ಕೊಟ್ಟು ಕಳಿಸುತ್ತಾರೆ. ನನಗೆ ಡೆಂಗಿ ಆದಾಗ ಮೂರು ದಿನ ಗಂಜಿ ಮಾಡಿ ತಂದುಕೊಟ್ಟಿದ್ದಾರೆ. ಅವರು ಒಳ್ಳೆಯವರಾಗಿರೋದೇ ನನ್ನ ತೊಂದರೆಯನ್ನು ಹೆಚ್ಚು ಮಾಡಿತು. ಕೆಟ್ಟವರಿಗೆ ಸುಳ್ಳು ಹೇಳೋದು ಸುಲಭ. ಶನಿವಾರ ಮೀನೂಟದ ಹೋಟೆಲಿಗೆ ಹೋಗಿ ಬಂಗಡೆ ತಿಂದು, ಕೈಗೆ ನಿಂಬೆಹಣ್ಣು ತಿಕ್ಕಿ, ಬಾಯಿಗೆ ಸೋಂಪು ಹಾಕಿಕೊಂಡು, ಕಳ್ಳಿಯ ಹಾಗೆ ಮೆಟ್ಟಿಲು ಹತ್ತುವಾಗ ಅವರು ಎದುರಾಗಿ "ಊಟ ಆಯ್ತಾ ಪುಟ್ಟಾ?" ಅಂದರೆ ಹೊಟ್ಟೆಯೊಳಗೆ ಬಂಗಡೆ ಒಮ್ಮೆ ಮಗ್ಗುಲು ಬದಲಿಸುತ್ತಿತ್ತು.

ನನ್ನೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಳಗೆ. ಮನೆಯ ಕೆಳಗೊಂದು ಹಳ್ಳ. ನಮ್ಮ ಹಳ್ಳ ಮಾಲತಿ ಹೊಳೆಗೆ ಸೇರುತ್ತದೆ, ಮಾಲತಿ ತುಂಗೆಗೆ. ಊರಲ್ಲಿ ನಾನು ಅವಳನ್ನು ಕರೆಯೋದು "ಅವ್ವ" ಅಂತ. ಆಫೀಸಲ್ಲಿ ಮಾತಾಡುವಾಗ ಅವಳು "ನಮ್ಮಮ್ಮ" ಆಗುತ್ತಾಳೆ. ಯಾವಾಗಿಂದ ಹೀಗಾಯ್ತು ಅಂತ ಗೊತ್ತಿಲ್ಲ. ಆದರೆ ನಮ್ಮಮ್ಮನಿಗೆ ಮೀನು ಹಿಡಿಯೋದು ಬರೋದಿಲ್ಲ, ಅವ್ವನಿಗೆ ಬರುತ್ತದೆ.

ಬರುತ್ತದೆ ಅಂದರೆ ಸುಮ್ಮನೆ ಅಲ್ಲ. ನಮ್ಮ ಕೇರಿಯಲ್ಲಿ ಅವ್ವನ ಗಾಳಕ್ಕೆ ಹೆಸರಿದೆ. ಅಪ್ಪಯ್ಯನಿಗೆ ತಾಳ್ಮೆ ಇಲ್ಲ, ಗಾಳ ಹಾಕಿದ ಐದು ನಿಮಿಷಕ್ಕೆ ಬೀಡಿ ಹುಡುಕುತ್ತಾನೆ. ಅವ್ವ ಕೂತರೆ ಕಲ್ಲಿನ ಹಾಗೆ ಕೂರುತ್ತಾಳೆ. ತೋಟದ ಕೆಲಸ, ಕೊಟ್ಟಿಗೆ ಕೆಲಸ ಎಲ್ಲ ಮುಗಿಸಿ, ಮಧ್ಯಾಹ್ನ ಬೇರೆ ಹೆಂಗಸರು ಅಡ್ಡಾಗುವ ಹೊತ್ತಿಗೆ ಅವಳು ಹಳ್ಳಕ್ಕೆ ಇಳಿಯುತ್ತಿದ್ದಳು. ಸಂಜೆಗೆ ಬಳ್ಳಿಗೆ ಪೋಣಿಸಿದ ಮೀನು ಹಿಡಿದು ಮೇಲೆ ಬರುತ್ತಿದ್ದಳು.

ಇದನ್ನು ಒಮ್ಮೆ ಟೀಮ್ ಲಂಚಿನಲ್ಲಿ ಹೇಳಹೊರಟಿದ್ದೆ. ನಮ್ಮ ಮ್ಯಾನೇಜರ್ ಯಾವುದೋ ರೆಸಾರ್ಟಿನಲ್ಲಿ ಮೀನು ಹಿಡಿದ ಫೋಟೋ ತೋರಿಸುತ್ತಿದ್ದರು. ಯಾರೋ "ಓ, ಫುಲ್ ತೇಜಸ್ವಿ ಸ್ಟೈಲು" ಅಂದರು. ಎಲ್ಲರೂ ಮೆಚ್ಚಿದರು. ಪೂರ್ಣಚಂದ್ರ ತೇಜಸ್ವಿ ಗಾಳ ಹಿಡಿದು ಕೂರುತ್ತಿದ್ದದ್ದು ಕನ್ನಡ ಓದುವವರಿಗೆಲ್ಲ ಗೊತ್ತಿರುವ ಸಂಗತಿ, ನಮ್ಮ ಕಡೆಯವರಿಗೆ ಅದು ಹೆಮ್ಮೆ ಕೂಡ. ನಾನೂ ಬಾಯಿ ತೆರೆದೆ. ಆದರೆ ಆ ಫೋಟೋದ ಪಕ್ಕದಲ್ಲಿ, ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಕೆಸರಲ್ಲಿ ನಿಂತ ಅವ್ವನನ್ನು ಇಡೋಕೆ ನನಗೆ ಧೈರ್ಯ ಬರಲಿಲ್ಲ. ಗಂಡಸು ಗಾಳ ಹಿಡಿದರೆ ಹವ್ಯಾಸ. ಹೆಂಗಸು ಹಿಡಿದರೆ ರಾತ್ರಿಯ ಸಾರು. "ನಮ್ಮೂರಲ್ಲೂ ಹಿಡೀತಾರೆ" ಅಂದು ಮೊಸರನ್ನ ಮುಗಿಸಿದೆ.

ಕಳೆದ ನವೆಂಬರಿನಲ್ಲಿ, ದೀಪಾವಳಿ ಕಳೆದ ಮೇಲೆ, ಅವ್ವ ಬೆಂಗಳೂರಿಗೆ ಬಂದಳು. ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಅಂದರೆ "ನಂಗೆ ಎಂತ ಓದದು ಬರೆಯದು ಉಂಟಾ" ಅಂತ ಮುಂದೂಡುತ್ತಲೇ ಇದ್ದಳು. ಕೊನೆಗೆ ಒಪ್ಪಿಕೊಂಡದ್ದಕ್ಕೆ ಅವಳೇ ಕೊಟ್ಟ ಕಾರಣ ಇದು: "ಬೆಂಡು ಕಾಣದಿಲ್ಲ ಮಾರಾಯ್ತಿ. ಮೀನು ಎಳಕೊಂಡು ಹೋದ್ಮೇಲೆ ಗೊತ್ತಾಗ್ತದೆ." ನೀರಿನ ಮೇಲೆ ತೇಲುವ ಗಾಳದ ಬೆಂಡು ಕಾಣಲೆಂದೇ ಕಣ್ಣಿನ ಆಪರೇಷನ್ ಮಾಡಿಸಿಕೊಂಡವರು ಆ ಆಸ್ಪತ್ರೆಯಲ್ಲಿ ಅವಳೊಬ್ಬಳೇ ಇರಬೇಕು.

ಬರುವಾಗ ಒಂದು ಸ್ಟೀಲ್ ಡಬ್ಬ ತಂದಿದ್ದಳು. ಐದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ಅಪ್ಪಯ್ಯನ ಹಳೇ ಪಂಚೆಯಲ್ಲಿ ಕಟ್ಟಿ. ಮಳೆಗಾಲ ಮುಗಿದು ಗದ್ದೆಯ ನೀರು ಹಳ್ಳಕ್ಕೆ ಇಳಿಯುವಾಗ ಅದರ ಜೊತೆ ಮೀನೂ ಇಳಿಯುತ್ತದೆ. ಗದ್ದೆಯ ನೀರು ಹೊರಬೀಳುವ ಜಾಗಕ್ಕೆ ಬಿದಿರಿನ ಕೂಣಿ ಒಡ್ಡಿ ಹಿಡಿಯುತ್ತಾರೆ. ಅಂಥ ಮೀನನ್ನು ಒಲೆಯ ಮೇಲೆ ತೂಗುಹಾಕಿ ಹದಿನೈದು ದಿನ ಹೊಗೆಯಲ್ಲಿ ಒಣಗಿಸಿದ್ದಳು. ಅರ್ಧ ಕುರುಡು ಕಣ್ಣಲ್ಲಿ ಹಿಡಿದ ಮೀನು. "ನಿಂಗೆ ಇಷ್ಟ ಅಲ್ದಾ" ಅಂದಳು.

ಕವರ್ ಬಿಚ್ಚಿದ ಕೂಡಲೇ ಆ ವಾಸನೆ ಎದ್ದು ಬಂತು. ನಾನು ಹುಟ್ಟಿ ಬೆಳೆದ ಮನೆಯ ವಾಸನೆ ಅದು. ಹೊಗೆ, ಬೂದಿ, ಹಳ್ಳ. ಬಾಯಲ್ಲಿ ನೀರೂ ಬಂತು, ಅದೇ ಕ್ಷಣಕ್ಕೆ ಕೈ ಹೋಗಿ ಅಡುಗೆಮನೆಯ ಕಿಟಕಿಯನ್ನೂ ಮುಚ್ಚಿತು. ಕೆಳಗೆ ಆಂಟಿ ತುಳಸಿಗೆ ನೀರು ಹಾಕುತ್ತಿದ್ದರು.

ಮರುದಿನ ಆಪರೇಷನ್. ಆ ರಾತ್ರಿ ಅವ್ವ ಮಲಗಿದ ಮೇಲೆ ನಾನು ಮೀನನ್ನು ಒಂದು ಕಪ್ಪು ಕವರಿಗೆ ಸುರಿದು, ಇಳಿದು ಹೋಗಿ, ಮೆಟ್ರೋ ಕಂಬದ ಹತ್ತಿರ ಕಸ ಬಿದ್ದಿರುವ ಜಾಗದಲ್ಲಿ ಎಸೆದು ಬಂದೆ. ಡಬ್ಬವನ್ನು ಮೂರು ಸಲ ತೊಳೆದೆ. ಬೆಳಿಗ್ಗೆ ಅವ್ವ ಡಬ್ಬ ತೆರೆದು ನೋಡಿದಳು. ನಾನು ಹೇಳಿದೆ: "ರಾತ್ರಿ ಬೆಕ್ಕು ಬಂದು ತಿಂದುಬಿಡ್ತು ಅವ್ವ."

ಅವ್ವ ಡಬ್ಬದ ಮುಚ್ಚಳ ಹಾಕಿದಳು. "ಹೌದಾ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬೆಕ್ಕಾದ್ರೂ ತಿಂತಲ್ಲ, ಸೈ" ಅಂದಳು. ಆಮೇಲೆ ಹನ್ನೊಂದು ದಿನ ನನ್ನ ಮನೆಯಲ್ಲಿದ್ದಳು. ಮೀನಿನ ಮಾತೇ ಎತ್ತಲಿಲ್ಲ. ನಾನು ಮಾಡಿದ ಬೇಳೆಸಾರನ್ನು "ಲಾಯ್ಕಿದೆ" ಅಂದು ಉಂಡಳು. ಬೆಕ್ಕು ತೊಳೆದಿಟ್ಟು ಹೋದಂತಿದ್ದ ಆ ಡಬ್ಬವನ್ನು ವಾಪಸ್ ಊರಿಗೆ ತೆಗೆದುಕೊಂಡು ಹೋದಳು.

ಈ ಏಪ್ರಿಲ್‌ನಲ್ಲಿ ನಾಲ್ಕು ದಿನ ರಜೆ ಸಿಕ್ಕಿತು. ಊರಿಗೆ ಹೋಗುವ ಮೊದಲು ಆನ್‌ಲೈನಿನಲ್ಲಿ ಒಂದು ಫೈಬರ್ ಗಾಳದ ಕೋಲು ತರಿಸಿದೆ. ರಾಟೆ ಇರುವಂಥದ್ದು, 1,450 ರೂಪಾಯಿ. ತಪ್ಪು ಮಾಡಿದ ಮಕ್ಕಳು ಏನಾದರೂ ಕೊಂಡುಕೊಂಡೇ ಮನೆಗೆ ಹೋಗೋದು, ನಿಮಗೂ ಗೊತ್ತು.

ಅವ್ವ ಅದನ್ನು ಉದ್ದ ಎಳೆದು, ಮತ್ತೆ ಗಿಡ್ಡ ಮಾಡಿ, ರಾಟೆ ತಿರುಗಿಸಿ ನೋಡಿದಳು. "ಚಂದ ಇದೆ. ಆದ್ರೆ ನಮ್ಮ ಹಳ್ಳದ ಮೇಲೆ ಅಷ್ಟು ಜಾಗ ಎಲ್ಲುಂಟು? ಬೀಸಿದ್ರೆ ಬಿದಿರ ಮುಳ್ಳಿಗೇ ಗಾಳ." ರಾಟೆಯಿಂದ ನಾಲ್ಕು ಮಾರು ತಂಗೂಸಿ ದಾರ ಮಾತ್ರ ಬಿಚ್ಚಿಕೊಂಡು, ತನ್ನ ಹಳೇ ವಾಟೆ ಕೋಲಿಗೆ ಕಟ್ಟಿಕೊಂಡಳು. ಒಲೆಯ ಹೊಗೆಯಲ್ಲಿ ಕಪ್ಪಾದ ಕೋಲು ಅದು, ಹಗುರ, ತುದಿಗೆ ಬಂದಂತೆ ಸಣ್ಣ. ಬೆಂಡಿಗೆ ತೋಟದಲ್ಲಿ ಬಿದ್ದ ನವಿಲುಗರಿಯ ದಂಟು. ನನ್ನ 1,450 ರೂಪಾಯಿಯ ಕೋಲು ಅಂಗಳದಲ್ಲಿ ಅಡಿಕೆಗೆ ಬರುವ ಕೋಳಿ ಓಡಿಸೋಕೆ ಅಪ್ಪಯ್ಯನ ಕೈ ಸೇರಿತು.

ಬೇಸಿಗೆಯಲ್ಲಿ ಮೀನಿಗಿಂತ ಎರೆಹುಳು ಹುಡುಕೋದೇ ಕಷ್ಟ. ನೆಲ ಒಣಗಿದರೆ ಅವು ಆಳಕ್ಕೆ ಇಳಿದುಬಿಡುತ್ತವೆ. ವರ್ಷವಿಡೀ ತಂಪಿರುವ ಜಾಗ ಅಂದರೆ ಬಚ್ಚಲ ನೀರು ಹರಿಯುವ ಬಾಳೆಬುಡ. ಅಲ್ಲಿ ಅಗೆದು, ತೆಂಗಿನ ಕರಟದಲ್ಲಿ ಒಂದಿಷ್ಟು ಒದ್ದೆ ಮಣ್ಣು ಹಾಕಿ, ಎರೆಹುಳು ಅದರಲ್ಲಿಟ್ಟು ಎಲೆ ಮುಚ್ಚಿದೆವು. ಹುಳ ಮುಟ್ಟುವಾಗ ನನ್ನ ಕೈ ಒಂದು ಗಳಿಗೆ ಹಿಂಜರಿಯಿತು. ಅವ್ವ ನೋಡಿದಳು, ಏನೂ ಹೇಳಲಿಲ್ಲ.

ಮೂರು ಗಂಟೆಗೆ ಹೊರಟೆವು. ಬರಿದಾದ ಗದ್ದೆ ದಾಟಿ, ತೋಟದ ಅಂಚಿಗೆ ಇಳಿದರೆ ಹಳ್ಳ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ನಾಲ್ಕು ತಿಂಗಳು ನಮ್ಮ ಹಳ್ಳ ದಾಟೋಕೆ ಸಂಕ ಬೇಕು. ಏಪ್ರಿಲ್‌ನಲ್ಲಿ ಚಪ್ಪಲಿ ಒದ್ದೆಯಾಗದ ಹಾಗೆ ದಾಟಬಹುದು. ಹರಿವು ನಿಂತು, ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ಮಾತ್ರ ನೀರು ಉಳಿಯುತ್ತದೆ. ಇಡೀ ಹಳ್ಳದ ಮೀನು ಆ ಗುಂಡಿಗಳಲ್ಲಿ ಮಳೆಗೆ ಕಾಯುತ್ತಾ ಇರುತ್ತವೆ. ಬೇಸಿಗೆಯ ಮೀನುಬೇಟೆ ಸುಲಭ ಅನ್ನೋದು ಅದಕ್ಕೇ. ಬೇಸಿಗೆಯಲ್ಲಿ ಹಳ್ಳ ಹಾಳುಮಾಡೋದೂ ಅಷ್ಟೇ ಸುಲಭ.

ಮೊದಲ ಗುಂಡಿಯಲ್ಲಿ ಕರೀ ಪೈಪುಗಳು ಇಳಿದಿದ್ದವು. ಅವ್ವ ಎಣಿಸಿದಳು. "ಹೋದ ವರ್ಷ ಮೂರಿತ್ತು. ಈಗ ಐದು." ಅದರಲ್ಲಿ ಒಂದು ನಮ್ಮದೇ. ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ನೀರು ಬೇಕು, ಆ ಅಡಿಕೆಯಲ್ಲೇ ನಾನು ಇಂಜಿನಿಯರಿಂಗ್ ಓದಿದ್ದು. ಆದ್ದರಿಂದ ಆ ಪೈಪಿನ ಬಗ್ಗೆ ಬೆಂಗಳೂರಿನಿಂದ ಬಂದು ಭಾಷಣ ಮಾಡೋ ಯೋಗ್ಯತೆ ನನಗಿರಲಿಲ್ಲ.

ಎರಡನೇ ಗುಂಡಿಯ ಹತ್ತಿರ ಹೋಗುತ್ತಲೇ ಅವ್ವ ಮೂಗು ಮುಚ್ಚಿದಳು. ನೀರಿನ ಮೇಲೆ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ದಂಡೆಯಲ್ಲಿ ಬ್ಲೀಚಿಂಗ್ ಪೌಡರಿನ ಖಾಲಿ ಚೀಲ. ದೊಡ್ಡ ಮೀನು ಆರಿಸಿಕೊಂಡು ಸಣ್ಣದನ್ನು ಬಿಟ್ಟು ಹೋಗಿದ್ದರು. ಹಿಂದೆ ಕಾರೆಕಾಯಿ ಜಜ್ಜಿ ನೀರಿಗೆ ಹಾಕುತ್ತಿದ್ದರಂತೆ. ಈಗ ಅಂಗಡಿಯಲ್ಲೇ ವಿಷ ಸಿಗುತ್ತದೆ. ಅವ್ವ ಬಗ್ಗಿ ಸತ್ತ ಏಡಿಯೊಂದನ್ನು ಕಡ್ಡಿಯಲ್ಲಿ ಮಗುಚಿದಳು. "ಇವ್ಕೆ ಕಾಯೋಕೇ ಆಗದಿಲ್ಲ," ಅಂದಳು. ಇವಕ್ಕೆ ಅಂದರೆ ಮನುಷ್ಯರಿಗೆ. ಆಮೇಲೆ ತಾನೇ ತಿದ್ದಿಕೊಂಡಳು. "ನಾವೇನು ಕಡ್ಮೆ? ಮಿರ್ಗದ ಮಳೇಲಿ ಹತ್ತುಮೀನು ಅಂತ ಹೊಟ್ಟೆ ತುಂಬ ಮೊಟ್ಟೆ ಇರೋದ್ನೇ ಕಡಿದು ಕಡಿದು ತಂದ್ವಿ. ಒಂದು ಮೀನು ತಿಂದ್ರೆ ಸಾವಿರ ಹೋಯ್ತು ಅಂತ ಆಗ ಯಾರಿಗೆ ಗೊತ್ತು." ಜೂನಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನುಗಳು ಮೊಟ್ಟೆಯಿಡೋಕೆ ಹಳ್ಳ ಹತ್ತಿ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ಟಾರ್ಚು, ಕತ್ತಿ ಹಿಡಿದು ಊರಿಗೆ ಊರೇ ಇಳಿಯುತ್ತಿದ್ದ ಆ ರಾತ್ರಿಗಳು ನನಗೂ ನೆನಪಿವೆ. ಅವ್ವ ಈಗ ಹತ್ತುಮೀನು ಹಿಡಿಯೋದಿಲ್ಲ. ಇಳಿಯೋ ಮೀನು ಮತ್ತೆ ಬೇಸಿಗೆಯ ಗಾಳ, ಅಷ್ಟೇ.

ಮೂರನೆಯದು ಹಲಸಿನ ಗುಂಡಿ. ಅಲ್ಲಿಗೆ ಹೋಗೋಕೆ ಮುಳ್ಳುಬಿದಿರಿನ ಸಂದಿಯಲ್ಲಿ ಬಗ್ಗಿಕೊಂಡು ನಡೆಯಬೇಕು, ಅದಕ್ಕೇ ಅದು ಉಳಿದಿದೆ. ಹಲಸಿನ ಮರ ಬಿದ್ದು ಹೋಗಿ ಎಷ್ಟೋ ವರ್ಷವಾಗಿದೆ, ಹೆಸರು ಮಾತ್ರ ಇದೆ. ನೀರು ಚಹಾದ ಬಣ್ಣ. ಒಣಗಿದ ಎಲೆ ಬಿದ್ದರೂ ಸದ್ದು ಕೇಳುವಷ್ಟು ಮೌನ.

ಅವ್ವನ ನಿಯಮಗಳು ನನಗೆ ಚಿಕ್ಕಂದಿನಿಂದ ಬಾಯಿಪಾಠ. ನೆರಳು ನೀರಿಗೆ ಬೀಳಬಾರದು. ಕಾಲು ಕುಟ್ಟಬಾರದು, ಮಾತಿಗಿಂತ ಹೆಜ್ಜೆ ಮೀನಿಗೆ ಬೇಗ ಕೇಳುತ್ತದೆ. ಎರೆ ಚುಚ್ಚಿದ ಮೇಲೆ ಅದಕ್ಕೆ ಒಂದು ಸಲ ತುಪ್ಪಬೇಕು. ಯಾಕೆ ಅಂತ ಕೇಳಬಾರದು. ಆಮೇಲೆ ಬೆಂಡು ನೋಡಬೇಕು. ಬೆಂಡು ಮಾತ್ರ.

ಬೆಂಡಿನ ಭಾಷೆ ಅವ್ವ ಓದುವಷ್ಟು ಚೆನ್ನಾಗಿ ನಾನು ಯಾವ ಡ್ಯಾಶ್‌ಬೋರ್ಡನ್ನೂ ಓದಲಾರೆ. ಟಿಕ್ ಟಿಕ್ ಅಂತ ಸಣ್ಣಗೆ ಕುಣಿದರೆ ಪುಡಿಮೀನು, ಎರೆ ಕದಿಯುತ್ತಿದೆ. ಒಂದೇ ಪಕ್ಕಕ್ಕೆ ನಿಧಾನ ಸರಿದರೆ ಏಡಿ, ಎಳೆದರೆ ಗಾಳ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಅಲುಗಿ ಸುಮ್ಮನಾಗಿ, ಆಮೇಲೆ ಯಾರೋ ಕೆಳಗಿಂದ ಕೈಹಾಕಿ ಎಳೆದ ಹಾಗೆ ಸಲೀಸಾಗಿ ಮುಳುಗಿದರೆ ಮುರುಗೋಡು. ಆಗ ಎತ್ತಬೇಕು. ಮೊದಲ ಅಲುಗಾಟಕ್ಕೇ ಎತ್ತಿದರೆ ಬರೀ ಗಾಳ.

ಅವ್ವ ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು, ಆಮೇಲೆ ಅದಲು ಬದಲು ಮಾಡಿ ನೋಡಿದಳು. "ಬಿಳೀ ಬಿಳೀ ಕಾಣ್ತದೆ," ಅಂದಳು. "ದಂಟಿನ ಮೇಲಿನ ಗೆರೆನೂ ಕಾಣ್ತದೆ ಕಣೆ." ಅರವತ್ತೊಂದು ವರ್ಷದ ಮುಖದಲ್ಲಿ ಆ ಹೊತ್ತು ಹತ್ತು ವರ್ಷದ ಹುಡುಗಿಯೊಬ್ಬಳು ಬಂದು ಹೋದಳು. ನನ್ನ ಎದೆಯೊಳಗೆ ಏನೋ ಚುಚ್ಚಿತು. ಈ ಕಣ್ಣು ಸರಿಮಾಡಿಕೊಳ್ಳೋಕೆ ಬಂದಾಗಲೇ ಅಲ್ಲವೇ ನಾನು ಅವಳ ಮೀನು ಎಸೆದದ್ದು.

ಒಂದು ಗಂಟೆಯಲ್ಲಿ ಏಳೆಂಟು ಪುಡಿಮೀನು ಬಂದವು. ನನಗೆ ಒಂದು ಚೇಳುಮೀನು ಸಿಕ್ಕಿತು. ಚೇಳುಮೀನಿನ ಕಿವಿರಿನ ಪಕ್ಕದ ರೆಕ್ಕೆಯಲ್ಲಿ ವಿಷದ ಮುಳ್ಳಿರುತ್ತದೆ. ಎಂಟನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಚುಚ್ಚಿಸಿಕೊಂಡು ಇಡೀ ಹಳ್ಳ ಹಾರುವಂತೆ ಕಿರುಚಿದ್ದೆ. ಅವ್ವ ನನ್ನನ್ನು ಎಳೆದುಕೊಂಡು ಹೋಗಿ, ಬಚ್ಚಲ ಹಂಡೆಯ ನೀರನ್ನು ತಡೆಯುವಷ್ಟು ಬಿಸಿಯಾಗಿ ತೋಡಿ, ಅದರಲ್ಲಿ ಕೈ ಮುಳುಗಿಸಿ ಕೂರಿಸಿದ್ದಳು. ಅರ್ಧ ಗಂಟೆಯಲ್ಲಿ ನೋವು ಇಳಿದಿತ್ತು. ಆ ವಿಷ ಬಿಸಿಗೆ ಕೆಡುತ್ತದೆ, ವೈದ್ಯರೂ ಅದನ್ನೇ ಮಾಡಿಸುತ್ತಾರೆ ಅಂತ ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಈ ಸಲ ಅವ್ವ ನನ್ನ ಕೈಗೆ ಕೊಡದೆ, ತಾನೇ ಮುಳ್ಳಿನ ಹಿಂದಿನಿಂದ ಒತ್ತಿ ಹಿಡಿದು ಗಾಳ ಬಿಡಿಸಿದಳು. "ನಿಂಗೆ ಅಭ್ಯಾಸ ತಪ್ಪಿದೆ," ಅಂದಳು.

ಮತ್ತೆ ಎರೆ ಚುಚ್ಚಿ, ತುಪ್ಪಿ, ಗಾಳ ಇಳಿಸಿದಳು. ಕಣ್ಣು ಬೆಂಡಿನ ಮೇಲೆ. ದನಿ ಏರಿಸದೆ, ಹೊಲ ಮನೆ ವಿಚಾರ ಕೇಳುವ ಹಾಗೆ ಕೇಳಿದಳು:

"ಆ ಬೆಕ್ಕು ಈಗ್ಲೂ ಬರ್ತದಾ?"

ನನ್ನ ಬೆಂಡು ಅಲುಗಾಡಿತು. ನಾನು ಎತ್ತಲಿಲ್ಲ.

"ಯಾವ ಬೆಕ್ಕು?"

"ನಿನ್ ಮನೆ ಬೆಕ್ಕು. ಮೂರು ಮಾಳಿಗೆ ಹತ್ತಿ, ಮುಚ್ಚಳ ತೆಗ್ದು, ತಿಂದು, ಡಬ್ಬ ತೊಳೆದಿಟ್ಟು ಹೋಗ್ತದಲ್ಲ, ಅದು. ಲಿಫ್ಟಲ್ಲೇ ಬಂದಿತ್ತಾ?"

ನಗು ಬಂತು. ನಗು ಅರ್ಧಕ್ಕೇ ನಿಂತಿತು. ಅವ್ವ ನಗುತ್ತಿರಲಿಲ್ಲ. ಸಿಟ್ಟಿನಲ್ಲೂ ಇರಲಿಲ್ಲ. ಬೆಂಡು ನೋಡುತ್ತಿದ್ದಳು.

"ಬೆಕ್ಕು ಇರ್ಲಿಲ್ಲ ಅವ್ವ," ಅಂದೆ. ಮನೆಯ ವಿಷಯ, ಬ್ರೋಕರ್, ಒಂಬತ್ತನೇ ಮನೆ, "ಹೂಂ ಆಂಟಿ", ಕಪ್ಪು ಕವರು, ಮೆಟ್ರೋ ಕಂಬ, ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ಅದು ಎಷ್ಟು ಸಣ್ಣ ಕಾರಣ ಅಂತ ನನಗೇ ಕೇಳಿಸಿತು. ಮೆಟ್ರೋಗೆ ಏಳು ನಿಮಿಷ. ಒಂದು ಹೊಂಗೆ ಮರ.

ಅವ್ವ ಕೇಳಿಸಿಕೊಂಡಳು. ಆಮೇಲೆ ಅಂದಳು: "ನಂಗೆ ಅವತ್ತೇ ಗೊತ್ತಾತು. ಕಿಟಕಿ ಮುಚ್ಚಿದ್ಯಲ್ಲ, ಆವಾಗ್ಲೇ. ಎಸೆದಿದ್ದಕ್ಕೆ ಬೇಜಾರಿಲ್ಲ. ಅವ್ರ ಮನೆ, ಅವ್ರ ಕಟ್ಟಳೆ. ಒಂದು ಮಾತು ಹೇಳಿದ್ರೆ ನಾ ತರ್ತಾನೇ ಇರ್ಲಿಲ್ಲ. ಶೃಂಗೇರೀಲಿ ನಾವು ಮೀನು ಹಿಡೀತೀವಾ? ಮಂಡಕ್ಕಿ ಹಾಕಿ, ಕೈಮುಗಿದು ಬರ್ತೀವಿ."

ಅದು ನಿಜ. ಶೃಂಗೇರಿಯಲ್ಲಿ ಮಠದ ಮುಂದಿನ ತುಂಗೆಯಲ್ಲಿ ಮೊಣಕೈ ಉದ್ದದ ಮೀನುಗಳು ಮೈಮೇಲೆ ಮೈ ಹಾಕಿಕೊಂಡು ಮಂಡಕ್ಕಿಗೆ ಬಾಯಿ ತೆರೆಯುತ್ತವೆ. ಅಲ್ಲಿ ಯಾರೂ ಹಿಡಿಯೋದಿಲ್ಲ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲೂ ಹಾಗೇ, ಮತ್ಸ್ಯಧಾಮ. ಅದೇ ತುಂಗೆ, ಸ್ವಲ್ಪ ದೂರದಲ್ಲಿ ಅದೇ ನೀರಿಗೆ ಗಾಳ ಬೀಳುತ್ತದೆ. ಅವ್ವ ಎರಡೂ ಕಡೆ ಅದೇ ಕೈಯಲ್ಲಿ ನಿಂತಿದ್ದಾಳೆ. ಅವಳಿಗೆ ಯಾವತ್ತೂ ಅದು ಗೊಂದಲವಾಗಿಲ್ಲ. ದೇವರ ಜಾಗದಲ್ಲಿ ದೇವರ ಕಟ್ಟಳೆ, ಹಳ್ಳದಲ್ಲಿ ಹಳ್ಳದ್ದು. ಎರಡು ಕಡೆಯೂ ಸುಳ್ಳು ಹೇಳಬೇಕಾಗಿ ಬಂದದ್ದು ನನಗೆ ಮಾತ್ರ.

"ನಂಗೆ ಬೇಜಾರಾಗಿದ್ದು ಬೆಕ್ಕಿಗೆ," ಅಂದಳು ಅವ್ವ. "ನಿಂಗೆ ನನ್ ಹತ್ರ ಬೆಕ್ಕು ಹೇಳೋ ಹಂಗಾತಲ್ಲ, ಅದಕ್ಕೆ."

ಅಷ್ಟರಲ್ಲಿ ಅವಳ ಬೆಂಡು ಒಮ್ಮೆ ಅಲುಗಿತು. ನಿಂತಿತು. ಅವ್ವನ ಉಸಿರೂ ನಿಂತಿತು. ಆಮೇಲೆ ಆ ಬಿಳೀ ದಂಟು ಸದ್ದಿಲ್ಲದೆ ಕೆಳಗಿಳಿಯಿತು, ಪೂರ್ತಿ ಮುಳುಗಿತು. ವಾಟೆ ಕೋಲು ಬಾಗಿ ಕಮಾನಾಯಿತು. ಮೊಣಕೈಯಷ್ಟು ಉದ್ದದ ಮುರುಗೋಡು ದಂಡೆಯ ಮೇಲೆ ಬಿದ್ದು ಹೊರಳಿತು. "ಕಂಡ್ಯಾ!" ಅಂದಳು ಅವ್ವ. ಮೀನು ಸಿಕ್ಕಿದ್ದಕ್ಕೋ ಬೆಂಡು ಕಂಡಿದ್ದಕ್ಕೋ ಗೊತ್ತಿಲ್ಲ. ನಾನು ಅಳುತ್ತಿದ್ದೆ, ಅವಳು ನೋಡಿದಳು, "ಹಿಡ್ಕ ಹಿಡ್ಕ, ನೀರಿಗೆ ಹೋಗ್ತದೆ" ಅಂತ ಬೈದಳು. ಎರಡೂ ಕೈಯಲ್ಲಿ ಅಮುಕಿ ಹಿಡಿದೆ. ಮುರುಗೋಡು ಹೊರಗಿನ ಗಾಳಿಯನ್ನೂ ಉಸಿರಾಡುತ್ತದೆ, ನೀರಿಲ್ಲದೆಯೂ ತುಂಬಾ ಹೊತ್ತು ಬದುಕುತ್ತದೆ. ಮನೆ ಮುಟ್ಟುವವರೆಗೂ ಬಳ್ಳಿಯ ತುದಿಯಲ್ಲಿ ಅದರ ಬಾಲ ನನ್ನ ಕಾಲಿಗೆ ಬಡಿಯುತ್ತಲೇ ಇತ್ತು.

ಜಾರುವ ಮೀನಿಗೆ ಒಲೆಯ ಬೂದಿ ಸವರಿ, ಒರಟು ಕಲ್ಲಿಗೆ ತಿಕ್ಕಿ ತೊಳೆಯೋದು ನನ್ನ ಕೆಲಸವಾಯಿತು. ಅವ್ವ ಮಣ್ಣಿನ ಗಡಿಗೆಯಲ್ಲಿ ಸಾರು ಮಾಡಿದಳು. ಒಣಗಿಸಿದ ವಾಟೆಹುಳಿ, ಹಿತ್ತಲಿನ ಸೂಜಿಮೆಣಸು, ಬೆಳ್ಳುಳ್ಳಿ. ಅಕ್ಕಿರೊಟ್ಟಿ. ಅಪ್ಪಯ್ಯ ಎರಡು ಸಲ ಹಾಕಿಸಿಕೊಂಡು, "ಆ ಹೊಸಾ ಕೋಲಲ್ಲೇ ಹಿಡಿದ್ರಾ?" ಅಂದ. ಇಬ್ಬರೂ ಮಾತಾಡಲಿಲ್ಲ.

ಹೊರಡುವ ದಿನ ಅಡುಗೆಮನೆಯ ಕಪಾಟಿನಲ್ಲಿ ಆ ಸ್ಟೀಲ್ ಡಬ್ಬ ಕಾಣಿಸಿತು. ಒಲೆಯ ಮೇಲೆ ನಾಲ್ಕಾರು ಮೀನು ಹೊಗೆಗೆ ತೂಗುತ್ತಿದ್ದವು. "ಸ್ವಲ್ಪ ಹಾಕಿಕೊಡು ಅವ್ವ, ತಗೊಂಡು ಹೋಗ್ತೀನಿ," ಅಂದೆ. ದೊಡ್ಡ ಪ್ರಾಯಶ್ಚಿತ್ತ ಮಾಡುವವಳ ಹಾಗೆ.

ಅವ್ವ ಡಬ್ಬದಲ್ಲಿ ಉಪ್ಪಿನಕಾಯಿ ಹಾಕಿದಳು.

"ಮೀನು?"

"ಬೇಡ. ಮತ್ತೆ ಕಿಟಕಿ ಮುಚ್ಕಂಡು, ಹೆದ್ರಿ ಹೆದ್ರಿ ತಿನ್ನೋಕೆ ನಾ ಮೀನು ಹಿಡ್ಯದಿಲ್ಲ. ತಿನ್ಬೇಕು ಅಂದ್ರೆ ಇಲ್ಲಿಗೇ ಬಾ." ಮುಚ್ಚಳ ಒತ್ತಿ ಹಾಕಿದಳು. ಕೋಪದ ದನಿಯಲ್ಲ. ತೋಟಕ್ಕೆ ನೀರು ಬಿಡಬೇಕು ಅನ್ನೋ ದನಿ. ರಾತ್ರಿ ಬಸ್ಸಿನಲ್ಲಿ ಶಿವಮೊಗ್ಗ ದಾಟುವವರೆಗೂ ಆ ಡಬ್ಬ ತೊಡೆಯ ಮೇಲಿತ್ತು. ಬಸ್ಸಿನಲ್ಲಿ ಯಾರ ಮೂಗಿಗೂ ತೊಂದರೆ ಕೊಡದ ಮಾವಿನಮಿಡಿ ಉಪ್ಪಿನಕಾಯಿ. ಅಷ್ಟು ಭಾರದ ಡಬ್ಬ ನಾನು ಹೊತ್ತಿದ್ದು ಅದೇ ಮೊದಲು.

ಮೇ ತಿಂಗಳಲ್ಲಿ ಓನರ್ ಆಂಟಿಗೆ ಮನೆ ಬಿಡುತ್ತೇನೆ ಅಂದೆ. ಯಾಕೆ ಅಂತ ಕೇಳಿದರು. ಇದೊಂದು ಸಲ ನಿಜ ಹೇಳಿದೆ. ಅವರ ಮುಖ ಸ್ವಲ್ಪ ಹೊತ್ತು ಸಪ್ಪಗಾಯಿತು. "ಮೊದಲೇ ಹೇಳಬಹುದಿತ್ತಲ್ಲ ಪುಟ್ಟಾ," ಅಂದರು. ಮೊದಲೇ ಹೇಳಿದ್ದರೆ ಮನೆ ಕೊಡುತ್ತಿರಲಿಲ್ಲ, ಅದು ಅವರಿಗೂ ಗೊತ್ತು. ಆದರೂ ಅಡ್ವಾನ್ಸು ಪೈಂಟಿಂಗಿಗೆ ಹಿಡಿದು ಉಳಿದಿದ್ದನ್ನು ಸರಿಯಾಗಿ ಕೊಟ್ಟರು. ಅಷ್ಟು ದಿನ ನನ್ನನ್ನು ಪುಟ್ಟಾ ಅಂದವರಿಗೆ ನಾನು ಮಾಡಿದ್ದೂ ಬೆಕ್ಕಿನ ಕೆಲಸವೇ. ಅವರ ಬಗ್ಗೆ ಈಗಲೂ ನನಗೆ ಅಭಿಪ್ರಾಯ ಒಂದೇ ಕಡೆ ನಿಲ್ಲೋದಿಲ್ಲ.

ಮತ್ತೆ ಬ್ರೋಕರ್, ಮತ್ತೆ ಬೈಕು, ಮತ್ತೆ ಅದೇ ಪ್ರಶ್ನೆ. ಆರು ಮನೆಗಳಲ್ಲಿ "ಅಲ್ಲ, ಮೀನು ತಿಂತೀವಿ" ಅಂದೆ. ನಾಲ್ಕು ಬಾಗಿಲು ನಯವಾಗಿ ಮುಚ್ಚಿದವು. ಸಿಕ್ಕಿದ ಮನೆಗೆ ಬಾಡಿಗೆ ಮೂರು ಸಾವಿರ ಜಾಸ್ತಿ, ಮೆಟ್ರೋಗೆ ಇಪ್ಪತ್ತೈದು ನಿಮಿಷ, ಅಡುಗೆಮನೆ ಕಿಟಕಿಯಿಂದ ಕಾಣೋದು ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕು. ಅವ್ವನಿಗೆ ಫೋನ್ ಮಾಡಿ ಹೇಳಿದೆ. ಹೊಸ ಮನೆಯಲ್ಲಿ ಯಾರೂ ಏನೂ ಅನ್ನೋದಿಲ್ಲ, ಬಾ, ಬರುವಾಗ ಡಬ್ಬ ತಗೊಂಡು ಬಾ ಅಂದೆ.

"ಕಿಟಕಿ ಇದ್ಯಾ?" ಅಂದಳು.

"ಇದೆ."

"ತೆಗ್ದಿಡು," ಅಂದಳು. "ರೋಹಿಣಿ ಮಳೆ ಶುರುವಾಗಿದೆ. ಗದ್ದೆ ಕೆಲ್ಸ ಮುಗೀಲಿ. ಮೀನು ಇಳಿಯೋ ಹೊತ್ತಿಗೆ ಕಾಣೋಣ."

ಮೀನು ಇಳಿಯೋದು ಅಕ್ಟೋಬರಿಗೆ. ಕಾಯುತ್ತಿದ್ದೇನೆ. ಕಿಟಕಿ ತೆಗೆದಿಟ್ಟಿದ್ದೇನೆ. ಇದೂ ಮೂರನೇ ಮಹಡಿಯೇ. ಇಷ್ಟು ದಿನವಾದರೂ ಇಲ್ಲಿಗೂ ಒಂದು ಬೆಕ್ಕು ಬಂದಿಲ್ಲ.